ಗಂಟಿನಲ್ಲಿ ಏನಿದೆ, ತಾಯೀ?

ಮೊದಲೆಲ್ಲ ಬಾಣಂತನವೆಂದರೆ ಮಗಳು ತವರಿಗೆ ಬರುತ್ತಿದ್ದಳು. ಈಗ ತವರೇ ಗಂಟು ಕಟ್ಟಿಕೊಂಡು ಮಗಳಿದ್ದಲ್ಲಿಗೆ ಹೊರಡುವ ಕಾಲ. ತಿಪಟೂರು, ಸಾಗರ, ಕುಂದಾಪುರ, ಗೋಕಾಕದಂಥ ಊರುಗಳಿಂದಲೂ ಎಷ್ಟೋ ತಾಯಂದಿರು ದುಬೈಗೋ ಅಮೆರಿಕಕ್ಕೋ ಹೊರಟು ನಿಲ್ಲುತ್ತಾರೆ. ಟಿಕೆಟ್ಟು, ವೀಸಾ, ವಿಮೆ ಎಲ್ಲವನ್ನೂ ಮಗನೋ ಅಳಿಯನೋ ನೋಡಿಕೊಳ್ಳುತ್ತಾನೆ. ಪೆಟ್ಟಿಗೆ ತುಂಬುವ ಕೆಲಸ ಮಾತ್ರ ನಮ್ಮದೇ. ಅದರೊಳಗೆ ಯಾವ ಸೀರೆಯ ಮಡಿಕೆಯಲ್ಲಿ ಯಾವ ಡಬ್ಬಿ ಇದೆ ಎಂಬುದು ನಮಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿರುವುದಿಲ್ಲ. ಆದರೆ ಅಲ್ಲಿ ಇಳಿದ ಮೇಲೆ ಅಧಿಕಾರಿ "ಇದರಲ್ಲಿ ಏನಿದೆ?" ಅಂದ ಕೂಡಲೇ ನಾವು ಪಕ್ಕದವರ ಮುಖ ನೋಡುತ್ತೇವೆ. ಕಟ್ಟಿದವರು ನಾವು, ಉತ್ತರ ಹೇಳುವವರು ಬೇರೆಯವರು! ಇದು ಸರಿಯಲ್ಲ ಅಂತ ನನಗೆ ಬಹಳ ದಿನದಿಂದ ಅನ್ನಿಸಿದೆ.

ಈಚೆಗೆ ಬಂದ ಪತ್ರಗಳಲ್ಲಿ ಎರಡನ್ನು ಆರಿಸಿಕೊಂಡಿದ್ದೇನೆ. ಒಬ್ಬ ಸೋದರಿ ಕೇಳುತ್ತಾರೆ: "ಮಗಳು ದುಬೈಯಲ್ಲಿ ಏಳು ತಿಂಗಳ ಗರ್ಭಿಣಿ. ಅಂಟಿನುಂಡೆ, ಮಡಿಲು ತುಂಬುವ ಸಾಮಾನು ಒಯ್ಯಬಹುದೇ?" ಇನ್ನೊಬ್ಬರದು ಬೇರೆಯೇ ಗೋಳು: "ಅಮೆರಿಕದ ಅಂಗಡಿಯಿಂದ ಎಂಟನೇ ನಂಬರಿನ ಹೆಣಿಗೆ ಕಡ್ಡಿ ತರಿಸಿದೆ. ಬಂದದ್ದು ದಪ್ಪನೆಯದು. ಇದು ಮೋಸವೇ?" ಒಂದು ಗಂಟು ಹೋಗುವುದು, ಇನ್ನೊಂದು ಬರುವುದು. ಎರಡನ್ನೂ ಬಿಚ್ಚೋಣ.

ಮೊದಲು ಕೊಬ್ಬರಿ. ಮಡಿಲು ತುಂಬುವುದಕ್ಕೆ ಕೊಬ್ಬರಿ ಗಿಟುಕು ಇಲ್ಲದಿದ್ದರೆ ನಡೆದೀತೇ? ಆದರೆ ವಿಮಾನದಲ್ಲಿ ಕೊಬ್ಬರಿ ನಡೆಯುವುದಿಲ್ಲ. ಕೈಚೀಲದಲ್ಲೂ ಬೇಡ, ಒಳಗೆ ಹಾಕುವ ದೊಡ್ಡ ಪೆಟ್ಟಿಗೆಯಲ್ಲೂ ಬೇಡ. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ 1363ನೇ ಸಂಖ್ಯೆ ನಮ್ಮ ಕೊಬ್ಬರಿಯದ್ದೇ! ತಮಾಷೆ ಅನ್ನಿಸುತ್ತದಲ್ಲವೇ? ಕಾರಣ ಕೇಳಿದರೆ ತಮಾಷೆಯಲ್ಲ. ಒಣಕೊಬ್ಬರಿಯಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಪಾಲು ಎಣ್ಣೆಯೇ. ಕಟ್ಟಿ ಒಟ್ಟಿಟ್ಟ ಕಡೆ ಸ್ವಲ್ಪ ತೇವ ಸೇರಿದರೆ ತನ್ನಷ್ಟಕ್ಕೆ ಬಿಸಿಯೇರುತ್ತದೆ, ಕಿಡಿ ಇಲ್ಲದೆಯೇ ಹೊತ್ತಿಕೊಳ್ಳಬಹುದು. ತಿಪಟೂರು, ಅರಸೀಕೆರೆ ಕಡೆ ಕೊಬ್ಬರಿ ಅಟ್ಟ ನೋಡಿಕೊಂಡು ಬೆಳೆದವರಿಗೆ ತೇವ ತಗುಲಿದ ಕೊಬ್ಬರಿಯ ಕಾವು ಹೊಸದಲ್ಲ. ಮೂವತ್ತು ಸಾವಿರ ಅಡಿ ಮೇಲೆ ಅದನ್ನು ಆರಿಸುವವರು ಯಾರು?

ಕರ್ಪೂರವೂ ಇದೇ ಸಾಲಿಗೆ ಸೇರಿದ್ದು. ಬೇಗ ಹೊತ್ತಿಕೊಳ್ಳುವ ವಸ್ತು, ಬೆಂಕಿಪೆಟ್ಟಿಗೆಯ ಜೊತೆ ಮನೆಯಲ್ಲೇ ಬಿಡಿ. ಹಸಿ ತೆಂಗಿನಕಾಯಿಯನ್ನೂ ಕೈಚೀಲದಲ್ಲಿ ಬಿಡುವುದಿಲ್ಲ. ಶಬರಿಮಲೆ ಯಾತ್ರಿಕರ ಇರುಮುಡಿಯಲ್ಲಿ ತುಪ್ಪ ತುಂಬಿದ ಕಾಯಿ ಇರುತ್ತದಲ್ಲ, ಅದಕ್ಕೂ ಈ ತಡೆ ಇತ್ತು. 2024ರ ಅಕ್ಟೋಬರಿನಲ್ಲಿ ಸರ್ಕಾರ ಆ ಯಾತ್ರೆಯ ಅವಧಿಗೆಂದೇ, 2025ರ ಜನವರಿ 20ರವರೆಗೆ, ತಪಾಸಣೆ ಮಾಡಿ ಬಿಡುವಂತೆ ಹೇಳಿತು. ದೇವರ ಕಾಯಿಗೇ ವಿಶೇಷ ಆಜ್ಞೆ ಬೇಕಾಯಿತು ಅಂದಮೇಲೆ ನಮ್ಮ ನಿಮ್ಮ ಕಾಯಿಯ ಮಾತೇನು?

ಇನ್ನು ಅಕ್ಕಿ. ಅಮೆರಿಕಕ್ಕೆ ಹೋಗುವವರು ಮಡಿಲಕ್ಕಿ ಕಟ್ಟಿಕೊಳ್ಳಬೇಡಿ. ಖಾಪ್ರಾ ಎಂಬ ಒಂದು ಚೋಟು ಹುಳು ಇದೆ, ನಮ್ಮ ಕಡೆಯದೇ. ಅದರ ಮರಿ ಗೋಣಿಯ ಸಂದಿಯಲ್ಲಿ, ಪೆಟ್ಟಿಗೆಯ ಹೊಲಿಗೆಯಲ್ಲಿ ಅಡಗಿ ಅನ್ನವಿಲ್ಲದೆ ವರ್ಷಗಟ್ಟಲೆ ಬದುಕಬಲ್ಲದು. ಒಮ್ಮೆ ಕಣಜಕ್ಕೆ ಹೊಕ್ಕರೆ ತೆಗೆಯುವುದು ಪ್ರಾಣಸಂಕಟ. ಈ ಹುಳುವಿರುವ ದೇಶಗಳಿಂದ ಪ್ರಯಾಣಿಕರು ಅಕ್ಕಿ ತರಬಾರದೆಂದು ಅವರು 2011ರಲ್ಲೇ ಕಟ್ಟು ಮಾಡಿದರು. ಕಡಲೆಕಾಳಿಗೂ ಅದೇ ಕಟ್ಟು. ಕರಿಬೇವಿನ ಹಸಿ ಎಲೆಯೂ ಬೇಡ. "ಎರಡು ಎಸಳು ಕರಿಬೇವಿಗೆ ಏನು ಮಹಾ?" ಅಂತೀರಿ. ಕರಿಬೇವು ಕಿತ್ತಳೆ, ನಿಂಬೆಯ ಬಂಧು. ಕಿತ್ತಳೆ ಗಿಡಕ್ಕೆ ಹಳದಿ ರೋಗ ಹೊತ್ತು ತರುವ ಒಂದು ಪುಟ್ಟ ಕೀಟಕ್ಕೆ ಕರಿಬೇವೆಂದರೆ ತವರುಮನೆ. ಫ್ಲಾರಿಡಾದಲ್ಲಿ ಆ ರೋಗ 2005ರಲ್ಲಿ ಕಾಣಿಸಿಕೊಂಡಿತು. ಬಿರುಗಾಳಿಗಳ ಪಾಲೂ ಸೇರಿ, ಇಪ್ಪತ್ತು ವರ್ಷದಲ್ಲಿ ಅಲ್ಲಿನ ಕಿತ್ತಳೆ ಬೆಳೆ ಹತ್ತರಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿಯಿತು. ನಮ್ಮ ಹೊಲಗಳಲ್ಲಿ ಕಾಂಗ್ರೆಸ್ ಹುಲ್ಲು ಹರಡಿದ್ದನ್ನು ಕಂಡವರು ನಾವು. 1950ರ ದಶಕದಲ್ಲಿ ಹೊರಗಿನಿಂದ ಬಂದ ಗೋಧಿಯ ಜೊತೆ ಅದೂ ಬಂತು ಅನ್ನುತ್ತಾರೆ. ಕಳೆ ಕಿತ್ತು ಕಿತ್ತು ಕೈ ತುರಿಸಿಕೊಂಡವರಿಗೆ ಅವರ ಭಯ ಅರ್ಥವಾಗಬೇಕು.

ಹಾಗಾದರೆ ಮಡಿಲು ತುಂಬುವುದು ಹೇಗೆ? ಅಕ್ಕಿ, ಕೊಬ್ಬರಿ, ಬೆಲ್ಲ ಅಲ್ಲಿನ ಭಾರತೀಯ ಅಂಗಡಿಯಲ್ಲೇ ಸಿಗುತ್ತದೆ. ನೀವು ಹಸಿರು ಬಳೆ, ಅರಿಸಿನ ಕುಂಕುಮ, ರವಿಕೆ ಕಣ, ಸೀರೆ ಒಯ್ಯಿರಿ. ಅಕ್ಕಿ ಯಾವ ನೆಲದ್ದಾದರೂ ಮಡಿಲು ಮಗಳದ್ದೇ. ಸಾರಿನ ಪುಡಿ, ಹುಳಿಪುಡಿ, ಹುರಿದ ಕಾಫಿಪುಡಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ತಕರಾರಿಲ್ಲ. ಆದರೆ ಪುಡಿಗಳನ್ನು ದೊಡ್ಡ ಪೆಟ್ಟಿಗೆಗೇ ಹಾಕಿ. ಆ ದೇಶದ ವಿಮಾನದ ಕೈಚೀಲದಲ್ಲಿ 350 ಮಿಲಿಲೀಟರ್ ಅಳತೆಗಿಂತ ಹೆಚ್ಚಿನ ಪುಡಿಗೆ 2018ರ ಜೂನ್ ಕೊನೆಯಿಂದ ತಡೆ ಇದೆ. ಉಪ್ಪಿನಕಾಯಿ, ತುಪ್ಪ, ಎಣ್ಣೆ ಇವೂ ಒಳಗಿನ ಪೆಟ್ಟಿಗೆಗೇ. ಕೈಚೀಲದ ದ್ರವಕ್ಕೆ 100 ಮಿಲಿಲೀಟರ್ ಮಿತಿ, 2006ರಲ್ಲಿ ಲಂಡನ್ನಿನಲ್ಲಿ ಬಯಲಾದ ಒಂದು ಸಂಚಿನ ನಂತರ ಬಂದದ್ದು. ಯೂರೋಪಿನ ಒಕ್ಕೂಟದ ದೇಶಗಳಿಗಂತೂ ತುಪ್ಪದ ಡಬ್ಬಿಯನ್ನೇ ಮರೆತುಬಿಡಿ, ಹೊರಗಿನ ಹಾಲಿನ ಪದಾರ್ಥವನ್ನು ಅವರು ಒಳಗೆ ಬಿಡುವುದಿಲ್ಲ. ಈಳಿಗೆಮಣೆ ಒಯ್ಯಲೇಬೇಕೆಂದು ಹಟವಿದ್ದರೆ ಅಲಗಿಗೆ ದಪ್ಪ ರಟ್ಟು ಸುತ್ತಿ ದಾರ ಬಿಗಿದು ದೊಡ್ಡ ಪೆಟ್ಟಿಗೆಯಲ್ಲಿಡಿ. ಹಿತ್ತಾಳೆಯ ಚಕ್ಕುಲಿ ಒರಳನ್ನು ಮೇಲ್ಗಡೆಯೇ ಇಡಿ. ಎಕ್ಸ್‌ರೇ ಪರದೆಯ ಮೇಲೆ ಅದು ಚಕ್ಕುಲಿ ಒರಳಿನಂತೆ ಕಾಣುತ್ತದೆ ಎಂದು ನಂಬಬೇಡಿ!

ಈಗ ದುಬೈಗೆ ಹೋಗುವ ಸೋದರಿಗೆ. ನೀವು ಅಂಟಿನುಂಡೆಯ ಹೆಸರೆತ್ತಿದ್ದು ಒಳ್ಳೆಯದೇ ಆಯಿತು. ನಿಮ್ಮ ಮನೆಯ ಉಂಡೆಗೆ ಗಸಗಸೆ ಹಾಕುತ್ತೀರಾ? ಹಾಕುವುದಾದರೆ ಈ ಸಲ ಒಂದು ಕಾಳೂ ಬೇಡ. ಯುಎಇಯಲ್ಲಿ ಗಸಗಸೆ ಮಾದಕ ವಸ್ತುಗಳ ಕಾನೂನಿನಡಿ ನಿಷಿದ್ಧ. ಅಫೀಮು ಬರುವ ಗಿಡದ ಬೀಜವೇ ನಮ್ಮ ಗಸಗಸೆ. ನಮ್ಮಲ್ಲೂ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಪರವಾನಗಿ ಇದ್ದವರೇ ಅದನ್ನು ಬೆಳೆಯಬೇಕು. ನಮಗೆ ಅದು ಪಾಯಸ, ಹಬ್ಬದ ಮಧ್ಯಾಹ್ನದ ನಿದ್ದೆ. ಅಲ್ಲಿ ಅದು ಪೊಲೀಸು, ವಕೀಲ, ಜೈಲು. ಸಿಂಗಪುರದಲ್ಲೂ ಇದೇ ಕಥೆ. ಡಬ್ಬಿಯ ಮೂಲೆಯಲ್ಲಿ ಉಳಿದ ಚಿಟಿಕೆಯೂ ಇರದಂತೆ ಮಸಾಲೆ ಡಬ್ಬಿಗಳನ್ನು ತೊಳೆದು ಒಣಗಿಸಿ ತುಂಬಿ. ಮನೆಯಲ್ಲಿ ಮಾಡಿದ ಮಸಾಲೆಪುಡಿಗೆ ಗಸಗಸೆ ಬಿದ್ದಿದೆಯೇ ಎಂದು ನೆನಪು ಮಾಡಿಕೊಳ್ಳಿ, ಅನುಮಾನವಿದ್ದರೆ ಹೊಸದಾಗಿ ಕುಟ್ಟಿ. ವೀಳ್ಯದೆಲೆಯನ್ನೂ ದುಬೈ ಕಸ್ಟಮ್ಸಿನವರು ನಿಷೇಧಿಸಿದ್ದಾರೆ, ತಾಂಬೂಲದ ಆಸೆ ಬಿಡಬೇಕು. ಮಾತ್ರೆ ಔಷಧಿ ಇದ್ದರೆ ವೈದ್ಯರ ಚೀಟಿ ಜೊತೆಗಿರಲಿ. ಕೊಡೀನ್ ಸೇರಿದ ಕೆಮ್ಮಿನ ಔಷಧಿಯಂಥವಕ್ಕೆ ಅಲ್ಲಿ ಮುಂಚಿತವಾಗಿ ಅನುಮತಿ ಬೇಕು.

ಉಂಡೆ ಬಿಡಬೇಡಿ, ಹೀಗೆ ಮಾಡಿ. 100 ಗ್ರಾಂ ಅಂಟನ್ನು ತುಪ್ಪದಲ್ಲಿ ಸ್ವಲ್ಪ ಸ್ವಲ್ಪವಾಗಿ ಅರಳುವಂತೆ ಹುರಿದು ಒರಟಾಗಿ ಪುಡಿಮಾಡಿ. ಬೀಜ ತೆಗೆದು ಕುಟ್ಟಿದ ಉತ್ತತ್ತಿ 250 ಗ್ರಾಂ, ಬಾದಾಮಿ, ಗೋಡಂಬಿ ತಲಾ 100 ಗ್ರಾಂ, ದ್ರಾಕ್ಷಿ ಒಂದು ಹಿಡಿ, ಎಲ್ಲ ತುಪ್ಪದಲ್ಲಿ ಬೆಚ್ಚಗೆ ಮಾಡಿಕೊಳ್ಳಿ. 250 ಗ್ರಾಂ ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ ಸೋಸಿ, ಎಳೆಪಾಕ ಬಂದಾಗ ಇಳಿಸಿ, ಎಲ್ಲ ಕಲಸಿ, ಏಲಕ್ಕಿ, ಜಾಯಿಕಾಯಿ ಚಿಟಿಕೆ ಹಾಕಿ ಬಿಸಿಯಿದ್ದಾಗಲೇ ಕಟ್ಟಿ. ಗಸಗಸೆಯಿಲ್ಲ, ಕೊಬ್ಬರಿಯಿಲ್ಲ. ಕೊಬ್ಬರಿ ಬೇಕೇಬೇಕೆಂದರೆ ಅಲ್ಲಿ ಕೊಂಡು, ಅಲ್ಲೇ ಇನ್ನೊಂದು ಸರದಿ ಕಟ್ಟಿಕೊಡಿ. ಬಾಣಂತಿಯ ಎದುರಿಗೆ ಕಟ್ಟಿದ ಉಂಡೆಯ ರುಚಿಯೇ ಬೇರೆ.

ಊರಿನವರೆಲ್ಲ ನಿಮ್ಮ ಕೈಯಲ್ಲಿ ಒಂದೊಂದು ಪೊಟ್ಟಣ ಕೊಡಲು ಬರುತ್ತಾರಲ್ಲ, "ನಮ್ಮ ಹುಡುಗನಿಗೆ ಅಷ್ಟೇ, ಭಾರವೇನಿಲ್ಲ" ಅಂತ. ಇಲ್ಲಿ ದಾಕ್ಷಿಣ್ಯಕ್ಕೆ ಬಸುರಾಗಬೇಡಿ. 2019ರಲ್ಲಿ ಮುಂಬಯಿಯ ಒಬ್ಬ ಗರ್ಭಿಣಿ ಮತ್ತು ಅವಳ ಗಂಡ ದೋಹಾದಲ್ಲಿ ಇಳಿದಾಗ, ಬಂಧುವೊಬ್ಬರು ಕೊಟ್ಟು ಕಳಿಸಿದ್ದ ಪೊಟ್ಟಣದಲ್ಲಿ ನಾಲ್ಕು ಕಿಲೋ ಚರಸ್ ಸಿಕ್ಕಿತು. ಒಳಗೇನಿದೆ ಎಂದು ಇವರಿಗೆ ಗೊತ್ತೇ ಇರಲಿಲ್ಲ. ಹತ್ತು ವರ್ಷದ ಶಿಕ್ಷೆಯಾಯಿತು, ಮಗು ಜೈಲಿನಲ್ಲೇ ಹುಟ್ಟಿತು. 2021ರಲ್ಲಿ ಬಿಡುಗಡೆಯಾಗಿ ಬಂದರು. ಪರರ ಪೊಟ್ಟಣ ತೆಗೆದುಕೊಳ್ಳಲೇಬೇಕಾದರೆ ಅವರ ಎದುರಿಗೇ ಬಿಚ್ಚಿ, ಸುರಿದು ನೋಡಿ, ನೀವೇ ಮತ್ತೆ ಕಟ್ಟಿ. ಅವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ ಬಿಡಿ!

ಪೆಟ್ಟಿಗೆ ಕಟ್ಟಿದ ದಿನವೇ ಒಂದು ಪಟ್ಟಿ ಬರೆಯಿರಿ. ಕನ್ನಡದಲ್ಲಿ ಹೆಸರು, ಎದುರಿಗೆ ಇಂಗ್ಲಿಷಿನಲ್ಲಿ. ಹುರುಳಿಕಾಳು, ಹಾರ್ಸ್ ಗ್ರಾಮ್. ಹುಣಸೆಹಣ್ಣು, ಟ್ಯಾಮರಿಂಡ್. ಮಕ್ಕಳ ಕೈಲಿ ಬರೆಸಿದರೂ ಓದುವುದು ನೀವೇ ಕಲಿಯಿರಿ. ಒಂದು ಪ್ರತಿ ಕೈಚೀಲದಲ್ಲಿ, ಒಂದು ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಗೆ. ಅಧಿಕಾರಿ ತಿಂಡಿ ಪದಾರ್ಥ ಇದೆಯೇ ಅಂದರೆ "ಯೆಸ್, ಫುಡ್" ಅಂತ ಪಟ್ಟಿ ಚಾಚಿ. ಅಮೆರಿಕದಲ್ಲಿ, ಹೇಳಿದ ಮೇಲೆ ಒಲ್ಲದ ವಸ್ತುವನ್ನು ತೆಗೆದಿಟ್ಟುಕೊಂಡು ಕಳಿಸುತ್ತಾರೆ. ಹೇಳದೆ ಸಿಕ್ಕಿಬಿದ್ದರೆ ದಂಡ. ಆಸ್ಟ್ರೇಲಿಯಾದವರು ಈ ವಿಷಯದಲ್ಲಿ ಇನ್ನೂ ಬಿಗಿ. ಒಡವೆ ಬಹಳ ಹಾಕಿಕೊಂಡು ಹೋಗುವವರು ಹೊರಡುವಾಗಲೇ ನಮ್ಮ ವಿಮಾನನಿಲ್ದಾಣದ ಕಸ್ಟಮ್ಸಿನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಪಡೆದರೆ, ಹಿಂದಿರುಗುವಾಗ "ಇದು ಅಲ್ಲಿ ಕೊಂಡದ್ದೇ?" ಎಂಬ ಮಾತು ಬರುವುದಿಲ್ಲ.

ಹಾದಿಯಲ್ಲಿ ಹೊತ್ತು ಹೋಗಲು ಹೆಣಿಗೆ ಒಯ್ಯುವವರು ಬಹಳ. ಬ್ರಿಟನ್ನಿನಲ್ಲಿ ಹೆಣಿಗೆ ಕಡ್ಡಿಗೆ ಕೈಚೀಲದಲ್ಲಿ ಅವಕಾಶವಿದೆ, ಅಲಗು 6 ಸೆಂಟಿಮೀಟರಿನೊಳಗಿನ ಕತ್ತರಿಗೂ. ಅಮೆರಿಕದಲ್ಲೂ ಕಡ್ಡಿ ಬಿಡುತ್ತಾರೆ, ಕತ್ತರಿ ತಿರುಗಣೆಯಿಂದ ತುದಿಗೆ 4 ಅಂಗುಲದೊಳಗಿರಬೇಕು. ನಮ್ಮಲ್ಲಿ ಚೂಪು ಕತ್ತರಿ ಕೈಚೀಲಕ್ಕೆ ಬೇಡವೇ ಬೇಡ. ಎಲ್ಲಿಯೇ ಆಗಲಿ, ಬಾಗಿಲಲ್ಲಿ ನಿಂತ ಅಧಿಕಾರಿಯದೇ ಕೊನೆಯ ಮಾತು. ಅದಕ್ಕೇ ಬಿದಿರಿನ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿ ಒಳ್ಳೆಯದು. ಮನೆ ಬಿಡುವ ಮೊದಲು ಕಡ್ಡಿಯ ಮೇಲಿರುವ ಎಲ್ಲ ಕುಣಿಕೆಗಳೊಳಗೆ ಬೇರೆ ಬಣ್ಣದ ಒಂದು ನೂಲನ್ನು ದಬ್ಬಣದಿಂದ ಪೋಣಿಸಿಬಿಡಿ. ಕಡ್ಡಿ ಕಿತ್ತುಕೊಂಡರೂ ಹೆಣಿಗೆ ಬಿಚ್ಚುವುದಿಲ್ಲ, ಮೊಮ್ಮಗುವಿನ ಅರ್ಧ ಸ್ವೆಟರ್ ಉಳಿಯುತ್ತದೆ.

ಕಡ್ಡಿಯ ಮಾತು ಬಂತಲ್ಲ, ಎರಡನೇ ಸೋದರಿಗೆ ಉತ್ತರ ಹೇಳಿಬಿಡುತ್ತೇನೆ. ನಿಮಗೆ ಯಾರೂ ಮೋಸ ಮಾಡಿಲ್ಲ. ನಾವು ಬಳಸುವುದು ಹಳೆಯ ಬ್ರಿಟಿಷ್ ನಂಬರು. ಅದರಲ್ಲಿ ನಂಬರು ಏರಿದಂತೆ ಕಡ್ಡಿ ಸಣ್ಣಗಾಗುತ್ತದೆ. 14 ಎಂದರೆ 2 ಮಿಲಿಮೀಟರ್, 10 ಎಂದರೆ 3.25, 8 ಎಂದರೆ 4, 6 ಎಂದರೆ 5. ಅಮೆರಿಕದ್ದು ತಿರುಗಾಮುರುಗಾ. ಅಲ್ಲಿ ನಂಬರು ಏರಿದಂತೆ ಕಡ್ಡಿ ದಪ್ಪ. ಅವರ 8 ಎಂದರೆ 5 ಮಿಲಿಮೀಟರ್, ನಿಮಗೆ ಬೇಕಿದ್ದದ್ದು ಅವರ 6. ಇನ್ನು ಮೇಲೆ ನಂಬರು ಬಿಟ್ಟು ಮಿಲಿಮೀಟರ್ ಬರೆಯಿರಿ, ಅದು ಎಲ್ಲ ದೇಶದಲ್ಲೂ ಒಂದೇ. ಕ್ರೋಷಾದವರಿಗೂ ಇದೇ ತೊಡಕು. ಬ್ರಿಟಿಷರ ಡಬಲ್ ಕ್ರೋಷಾ ಅಮೆರಿಕದವರಿಗೆ ಸಿಂಗಲ್ ಕ್ರೋಷಾ. ಬ್ರಿಟಿಷರ ಟ್ರೆಬಲ್ ಅವರಿಗೆ ಡಬಲ್. ಪುಸ್ತಕ ಯಾವ ದೇಶದ್ದೆಂದು ನೋಡದೆ ಶುರುಮಾಡಿದರೆ ಟೇಬಲ್ ಕ್ಲಾತು ಹೋಗಿ ಕರವಸ್ತ್ರವಾದೀತು.

ಹೊರಗಿನಿಂದ ಹೊಲಿಗೆ ಯಂತ್ರ, ಅಂಟಿನ ಗನ್ನು ತರಿಸುವ ಆಸೆಯಿರುವವರು ಅದರ ಹಿಂದಿನ ಚೀಟಿ ಓದಿ. 110 ಅಥವಾ 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿಗೆ ಚುಚ್ಚಿದ ಕೂಡಲೇ ಸುಟ್ಟ ವಾಸನೆ. 100ರಿಂದ 240 ಎಂದಿದ್ದರೆ ಚಿಂತೆಯಿಲ್ಲ.

ಕಸೂತಿ ದಾರದ ವಿಷಯ. ಫ್ರಾನ್ಸಿನ ಮುಲೂಜ್ ಊರಿನಲ್ಲಿ 1746ರಲ್ಲಿ ಶುರುವಾದ ಡಿಎಂಸಿ ದಾರಕ್ಕೆ ಜಗತ್ತೆಲ್ಲ ಹೆಸರಿದೆ. ಒಂದು ಲಡಿಯಲ್ಲಿ 8 ಮೀಟರ್, ಆರು ಎಳೆ. ವಿದೇಶದ ಮಾದರಿಗಳಲ್ಲೆಲ್ಲ ಅದರ ಬಣ್ಣದ ನಂಬರೇ ಇರುತ್ತದೆ. ನಮ್ಮ ಅಂಗಡಿಯ ಆಂಕರ್ ದಾರಕ್ಕೆ ಹೊಂದಿಸುವ ಪಟ್ಟಿ ಸಿಗುತ್ತದೆ, ಬಹುಪಾಲು ಬಣ್ಣ ಅದರಲ್ಲೇ ಸಾಕು. ಧಾರವಾಡದ ಕಸೂತಿಯ ಗವಂತಿ, ಮುರಗಿಗೆ ಫ್ರಾನ್ಸಿನ ದಾರ ಬೇಕೇ? ನನ್ನ ಮಟ್ಟಿಗೆ ಬೇಡ. ಒಂದೇ ಒಂದು ವಿಶೇಷ ಬಣ್ಣಕ್ಕೆ, ಜಪಾನಿನ ಸಣ್ಣ ಮಣಿಗೆ ಆಸೆಪಟ್ಟರೆ ತಪ್ಪೇನಿಲ್ಲ, ಆದರೆ ಲೆಕ್ಕ ಮೊದಲೇ ಹಾಕಿ. ಸುಂಕ ಬೀಳುವುದು ದಾರದ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಖರ್ಚು ಸೇರಿದ ಮೊತ್ತದ ಮೇಲೆ. ಅದರ ಮೇಲೆ ಜಿಎಸ್‌ಟಿ. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ, ತರಿಸುವ ವಾರವೇ ವಿಚಾರಿಸಿ. ಅಂಚೆಯಲ್ಲಿ ಬಂದರೆ ಪೋಸ್ಟ್‌ಮನ್ ಬಾಗಿಲಲ್ಲೇ ಸುಂಕ ಕೇಳುತ್ತಾನೆ, ಅದು ಅವನ ಜೇಬಿಗಲ್ಲ, ಜಗಳ ಬೇಡ. ಕೊರಿಯರ್ ಆದರೆ ಆಧಾರ್ ಇಲ್ಲವೇ ಪ್ಯಾನ್ ಕೇಳುತ್ತಾರೆ.

"ಉಡುಗೊರೆ ಎಂದು ಬರೆಸಿದರೆ ಸುಂಕ ಇಲ್ಲವಂತೆ" ಎಂಬ ಮಾತು ಇನ್ನೂ ಓಡಾಡುತ್ತಿದೆ. ಹಳೆಯ ಮಾತು. 2019ರ ಡಿಸೆಂಬರ್ 12ರಿಂದ ಸುಂಕ ಕಟ್ಟದೆ ಅಂಚೆಯಲ್ಲೋ ಕೊರಿಯರಿನಲ್ಲೋ ಉಡುಗೊರೆ ತರಿಸುವಂತಿಲ್ಲ. ಜೀವರಕ್ಷಕ ಔಷಧಿಗೂ ರಾಖಿಗೂ ಮಾತ್ರ ವಿನಾಯಿತಿ. ಅಣ್ಣತಮ್ಮಂದಿರ ಮೇಲೆ ಸರ್ಕಾರಕ್ಕೆ ಅಷ್ಟಾದರೂ ದಯೆ! ಎಲ್ಲಕ್ಕಿಂತ ಸುಲಭ ಹಾದಿ, ರಜೆಗೆ ಬರುವ ಮಗಳ ಪೆಟ್ಟಿಗೆ. ಹತ್ತು ಲಡಿ ದಾರ, ಒಂದು ಪೊಟ್ಟಣ ಮಣಿ ಎಷ್ಟು ಭಾರ?

ಹೂವಿನ ಬೀಜ ಮಾತ್ರ ಅವಳ ಪೆಟ್ಟಿಗೆಯಲ್ಲೂ ಬೇಡ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಬೀಜ, ಗೆಡ್ಡೆ, ಗಿಡ ತರಲು ಪರವಾನಗಿಯೂ ಆ ದೇಶದ ಆರೋಗ್ಯಪತ್ರವೂ ಬೇಕು. 2020ರಲ್ಲಿ ಕೇಳದೆಯೇ ಬೀಜದ ಪೊಟ್ಟಣಗಳು ಅಮೆರಿಕದ ಮನೆಮನೆಗೆ ಅಂಚೆಯಲ್ಲಿ ಬಂದಾಗ ನಮ್ಮ ಕೃಷಿ ಇಲಾಖೆಯೂ ಎಚ್ಚರಿಕೆ ಕೊಟ್ಟಿತ್ತು. ಅಂಥದ್ದು ಬಂದರೆ ಕುಂಡಕ್ಕೆ ಹಾಕಬೇಡಿ.

ನಿಮ್ಮ ಕೈಕೆಲಸವನ್ನು ಹೊರಗೆ ಕಳಿಸುವವರಿಗೂ ಎರಡು ಮಾತು. ಅಂಚೆಯ ಸುಂಕದ ಚೀಟಿಯಲ್ಲಿ "ಗಿಫ್ಟ್ ಐಟಮ್" ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಕೈಕಸೂತಿಯ ಹತ್ತಿ ಟೇಬಲ್ ಕ್ಲಾತ್, ಒಂದು" ಎಂದು ಇಂಗ್ಲಿಷಿನಲ್ಲಿ ಬರೆಸಿ, ನಿಜವಾದ ಬೆಲೆ ಹಾಕಿ. ನವಿಲುಗರಿ ಸೇರಿಸಿದ ಬೀಸಣಿಗೆ, ಹಾರ ಕಳಿಸಬೇಡಿ, ನವಿಲುಗರಿಯ ರಫ್ತಿಗೆ ನಮ್ಮಲ್ಲೇ ನಿಷೇಧ. ಬ್ರಿಟನ್ನಿನಲ್ಲಿ 39 ಪೌಂಡ್, ಯೂರೋಪಿನ ಒಕ್ಕೂಟದಲ್ಲಿ 45 ಯೂರೋ ಒಳಗಿನ ಮನೆಯವರ ಉಡುಗೊರೆಗೆ ಸುಂಕ ಹಾಕುವುದಿಲ್ಲ. ಅಮೆರಿಕದಲ್ಲಿ 800 ಡಾಲರ್ ಒಳಗಿನ ಪಾರ್ಸೆಲ್ಲುಗಳಿಗಿದ್ದ ವಿನಾಯಿತಿ 2025ರ ಆಗಸ್ಟ್ 29ರಂದು ಹೋಯಿತು. ಆಗ ನಮ್ಮ ಅಂಚೆಯವರು ಅಲ್ಲಿಗೆ ಪಾರ್ಸೆಲ್ಲು ನಿಲ್ಲಿಸಿ ಅಕ್ಟೋಬರ್ 15ರಿಂದ ಮತ್ತೆ ತೆಗೆದುಕೊಳ್ಳತೊಡಗಿದರು. ಆ ವರ್ಷ ದಸರೆಗೆ ಕಳಿಸಬೇಕೆಂದು ಕಟ್ಟಿಟ್ಟ ಎಷ್ಟೋ ಗಂಟು ಮನೆಯಲ್ಲೇ ಉಳಿದವು. ಹಬ್ಬಕ್ಕೆ ಕಳಿಸುವವರು ಎರಡು ತಿಂಗಳು ಮುಂಚೆಯೇ ಅಂಚೆಕಚೇರಿಯಲ್ಲಿ ಕೇಳಿಕೊಳ್ಳಿ.

ಹೆಣಿಗೆಯ ಸೋದರಿಗೆ ಇನ್ನೊಂದು ಮಾತು ಉಳಿದಿತ್ತು. ಆ 5 ಮಿಲಿಮೀಟರ್ ಕಡ್ಡಿಯನ್ನು ವಾಪಸು ಕಳಿಸುವ ಗೊಡವೆ ಬೇಡ, ಹೋಗುವ ಅಂಚೆ ಖರ್ಚು ಕಡ್ಡಿಗಿಂತ ಹೆಚ್ಚಾದೀತು. ದಪ್ಪ ಉಣ್ಣೆ ಕೊಂಡು ಯಜಮಾನರಿಗೆ ಒಂದು ಮಫ್ಲರ್ ಹಾಕಿ. 30 ಕುಣಿಕೆ, ಎರಡು ಸೀದಾ ಎರಡು ಉಲ್ಟಾ ಹಾಕುತ್ತಾ ಹೋಗಿ, ಕೊನೆಯ ಎರಡು ಸೀದಾ ಬರುತ್ತವೆ. ತಿರುಗಿಸಿದಾಗ ಎದುರಿಗೆ ಕಂಡ ಸೀದಾಕ್ಕೆ ಸೀದಾ, ಉಲ್ಟಾಕ್ಕೆ ಉಲ್ಟಾ. ಐದು ಅಡಿ ಆಗುವವರೆಗೆ ಎಣಿಸುವ ಗೋಜಿಲ್ಲ.